ಮಧ್ಯಾಹ್ನದ ಬೆಳ್ಳಿ

ಅವರು ಕಾಫಿ ಕುಡಿಯುತ್ತಿದ್ದುದು ರಾಟೆಯಲ್ಲಿ. ಕೊರಳ ಹಿಂದಿನಿಂದ ಟವೆಲ್ಲು ಇಳಿಬಿಟ್ಟುಕೊಂಡು, ಅದರ ಒಂದು ತುದಿಯನ್ನು ಲೋಟದ ಜೊತೆ ಬಲಗೈಯಲ್ಲಿ ಹಿಡಿದು, ಇನ್ನೊಂದು ತುದಿಯನ್ನು ಎಡಗೈಯಿಂದ ಮೆಲ್ಲಗೆ ಕೆಳಕ್ಕೆ ಎಳೆಯುತ್ತಿದ್ದರು. ಬಾವಿಯಿಂದ ಬಿಂದಿಗೆ ಮೇಲೆ ಬಂದ ಹಾಗೆ ಲೋಟ ತುಟಿಯವರೆಗೆ ಬರುತ್ತಿತ್ತು. ಎರಡೂ ಕೈ ಸದಾ ನಡುಗುತ್ತಿದ್ದ ಆ ಮನುಷ್ಯ ಹೀಗೆ ತೊಟ್ಟೂ ಚೆಲ್ಲದೆ ಕುಡಿದು ಮುಗಿಸಿ, ಎದುರಿಗಿದ್ದವರತ್ತ ಕುಸ್ತಿ ಗೆದ್ದವರಂತೆ ನೋಡಿ, "ಎಂಗೆ?" ಎನ್ನುತ್ತಿದ್ದರು.

ನಂಜನಗೂಡಿನಲ್ಲಿ ನಾನು ಬಾಡಿಗೆಗೆ ಇರುವ ಮನೆಯ ಯಜಮಾನರು ಅವರು. ಕೆಳಗೆ ಅವರು ಮತ್ತು ಅವರ ಹೆಂಡತಿ. ಮೇಲಿನ ಕೋಣೆಯಲ್ಲಿ ನಾನು, ನನ್ನ ಬಾಗಿಲಿನಾಚೆಗೇ ತಾರಸಿ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಈ ಊರಿಗೆ ಬಂದ ನಾನು ಅವರನ್ನು ಎಲ್ಲರಂತೆ ಯಜಮಾನರೇ ಎಂದೂ, ಅವರ ಹೆಂಡತಿಯನ್ನು ಅಮ್ಮ ಎಂದೂ ಕರೆಯುತ್ತಿದ್ದೆ. ಯಜಮಾನರು ನನ್ನನ್ನು ರೇಗಿಸುವಾಗ "ಮೇಡಮ್ನೋರೆ" ಎನ್ನುತ್ತಿದ್ದರು, ಖುಷಿಯಾದಾಗ "ಮಗಾ" ಎನ್ನುತ್ತಿದ್ದರು. ನಾವಿಬ್ಬರೂ ಅವರ ಟೆಲಿಸ್ಕೋಪಿಗೊಂದು ರಿಮೋಟು ಮಾಡಲು ಹಿಡಿದ ಮೇಲೆ ನಾನು ದಿನವಿಡೀ ಮಗಾ ಆಗಿಬಿಟ್ಟೆ.

ತಿ. ನರಸೀಪುರದ ಬಸ್‌ ಸ್ಟ್ಯಾಂಡಿನ ಹಿಂದೆ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೂರಿಸುವ ಕೆಲಸ. ಕವಲಂದೆಯಿಂದ ದೇವನೂರಿನವರೆಗೆ ತಮ್ಮ ಕೈ ಮುಟ್ಟದ ಮೋಟಾರು ಯಾವ ಬಾವಿಯಲ್ಲೂ ಇಲ್ಲ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಸಂಕೋಚ ಎನ್ನುವುದು ಅವರ ಹತ್ತಿರ ಸುಳಿದಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ರೋಗ ಹೇಳುತ್ತಿದ್ದರು. ಬೀದಿಯ ಯಾವ ಮನೆಯಲ್ಲಿ ಮಿಕ್ಸಿ ತಿರುಗಿದರೂ ಕೂತಲ್ಲಿಂದಲೇ, "ಅದರ ಬುಶ್ ಸವ್ದೋಗದೆ, ಇನ್ನೆರಡು ಚಟ್ನಿಗೆ ಬತ್ತದೆ ಅಷ್ಟೆ" ಎನ್ನುತ್ತಿದ್ದರು. ಎರಡು ಚಟ್ನಿ ದಾಟಿ ಇಪ್ಪತ್ತಾದರೂ ಮಿಕ್ಸಿ ಓಡುತ್ತಿದ್ದರೆ ಮಾತು ಬದಲಿಸುತ್ತಿದ್ದರು.

ಅವರ ಒಂದು ಮಾತನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಮೋಟಾರು ನೋಡಲು ಬಾವಿಗೆ ಇಳಿಯುವವನು ಮೊದಲು ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು. "ಮೇಲಿರೋನ ಕೈಗೆ ಕೊಟ್ಟು ಇಳೀಬ್ಯಾಡಿ ಕಣ್ರಯ್ಯ, ಅವನು ಬೀಡಿ ಅಚ್ಕಂಡು ಮರ್ತೋಯ್ತಾನೆ. ಕರೆಂಟಿಗೆ ಕಣ್ಣಿಲ್ಲ."

ಕೈ ನಡುಗಲು ಶುರುವಾದ ಮೇಲೆ ತಂತಿ ಸುತ್ತುವುದು ಆಗಲಿಲ್ಲ. ಅಂಗಡಿಯನ್ನು ಅಳಿಯನಿಗೆ ಬಿಟ್ಟು ನಂಜನಗೂಡಿನ ಈ ಮನೆಗೆ ಬಂದು ಕೂತರು. ಅವರ ಜೊತೆಗೇ ನರಸೀಪುರದಿಂದ ಬಂದದ್ದು, ಗೋಣಿತಾಟಿನಲ್ಲಿ ಸುತ್ತಿದ ಆ ಕಿತ್ತಳೆ ಬಣ್ಣದ ಟೆಲಿಸ್ಕೋಪು. ಅವರ ಬಾಯಲ್ಲಿ ಅದು ದುರ್ಬೀನು.

ಅದರ ಕಥೆ ಹೀಗೆ. ನರಸೀಪುರದ ಆಚೆ ಹೊಳೆದಂಡೆಯ ಒಂದು ತೋಟದ ಮನೆಗೆ ಅವರು ಪಂಪ್ ರಿಪೇರಿಗೆ ಹೋಗುತ್ತಿದ್ದರು. ತೋಟದ ಹಿರಿಯರಿಗೆ ಆಕಾಶದ ಹುಚ್ಚು. ಒಂದು ದಿನ ನಡುಮಧ್ಯಾಹ್ನ, ಗ್ರೀಸು ಮೆತ್ತಿದ ಕೈಯಲ್ಲಿ ನಿಂತಿದ್ದ ಇವರನ್ನು ಕರೆದು, "ಬಾರಯ್ಯ, ಬೆಳ್ಳಿ ನೋಡು" ಎಂದರಂತೆ. ಬೆಳಗಿನ ಜಾವವೋ ಮುಚ್ಚಂಜೆಯೋ ಕಾಣಬೇಕಾದ ಬೆಳ್ಳಿ ಚುಕ್ಕೆ, ಬಿಸಿಲಲ್ಲಿ, ನೀಲಿ ಆಕಾಶದಲ್ಲಿ, ಬಿದಿಗೆ ಚಂದ್ರನ ಹಾಗೆ ಬಾಗಿ ಬೆಳ್ಳಗೆ ನಿಂತಿತ್ತಂತೆ. ಇವರು ಮನೆಗೆ ಓಡಿಬಂದು ಹೆಂಡತಿಗೆ ಹೇಳಿದರು. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ತಿರುಗಿಯೂ ನೋಡದೆ, "ಮದ್ಯಾನ ಬೆಳ್ಳಿ ಕಂಡ್ರಾ? ತೋಟದಲ್ಲಿ ಏನ್ ಕುಡ್ಸುದ್ರು?" ಎಂದರಂತೆ.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಇವರು ಏನೇ ಹೇಳಿದರೂ, ಮಳೆ ಬರುತ್ತದೆ ಎಂದರೂ, ಬಸ್ಸು ತಡವಾಗಿದೆ ಎಂದರೂ, ಅಮ್ಮ ಮುಖ ಗಂಭೀರ ಮಾಡಿಕೊಂಡು, "ಊಂ, ಮದ್ಯಾನ ಬೆಳ್ಳೀನೂ ಕಂಡಿದ್ರಿ" ಎನ್ನುತ್ತಿದ್ದರು. ಮಕ್ಕಳ ಮದುವೆಯಲ್ಲಿ ಬೀಗರ ಎದುರೂ ಅಂದಿದ್ದರಂತೆ. ತೋಟದ ಹಿರಿಯರು ತೀರಿಕೊಂಡು, ಮನೆಯವರು ಸಾಮಾನು ಖಾಲಿ ಮಾಡುವಾಗ ದುರ್ಬೀನನ್ನು ಇವರಿಗೆ ಕೊಟ್ಟರು. "ಅವ್ಳಿಗೆ ಒಂದ್ಸಲ ತೋರುಸ್ಬೇಕು ಮಗಾ. ತೋರ್ಸಿ, ಬಾಯಿ ಮುಚ್ಚುಸ್ಬೇಕು" ಎನ್ನುತ್ತಿದ್ದರು ನನ್ನ ಬಳಿ.

ಬಾಯಿ ಮುಚ್ಚಿಸುವುದಷ್ಟೇ ಆಗಿರಲಿಲ್ಲ. ಅಮ್ಮನಿಗೆ ದೃಷ್ಟಿ ಇದ್ದದ್ದು ಬಲಗಣ್ಣಿನಲ್ಲಿ ಮಾತ್ರ. ಚಿಕ್ಕಂದಿನಲ್ಲಿ ಒಕ್ಕಣೆಯ ಕಣದಲ್ಲಿ ಬತ್ತದ ಮೊನೆ ಚುಚ್ಚಿ ಎಡಗಣ್ಣು ಹೋಗಿತ್ತು. ಈಗ ಬಲಗಣ್ಣಿಗೂ ಪೊರೆ ಬರತೊಡಗಿತ್ತು. ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರೂ, ಇರುವ ಒಂದೇ ಕಣ್ಣಿಗೆ ಕತ್ತರಿ ಹಾಕಿಸಲು ಗಂಡ ಹೆಂಡತಿ ಇಬ್ಬರಿಗೂ ಧೈರ್ಯವಿರಲಿಲ್ಲ. ಅದು ಮಂಜಾಗುವುದರೊಳಗೆ ಬೆಳ್ಳಿ ತೋರಿಸಬೇಕು. ಇದು ಅವರ ಅವಸರ.

ಆದರೆ ದುರ್ಬೀನಿನ ರಿಮೋಟು ಸತ್ತಿತ್ತು. ದಪ್ಪ ಕೊಳವೆಯನ್ನು ಎರಡು ಪುಟ್ಟ ಮೋಟಾರುಗಳು ತಿರುಗಿಸುತ್ತವೆ, ಆ ಮೋಟಾರುಗಳನ್ನು ಓಡಿಸುವುದು ಕೈಯಲ್ಲಿ ಹಿಡಿಯುವ ನಾಲ್ಕು ಗುಂಡಿಗಳ ಪೆಟ್ಟಿಗೆ. ಇಲಿ ಅದರ ವಯರು ಕಡಿದು, ಒಳಗೆ ಗೂಡು ಕಟ್ಟಿ, ಉಚ್ಚೆ ಹೊಯ್ದು ಎಲ್ಲ ತುಕ್ಕು ಹಿಡಿಸಿತ್ತು. ರಿಮೋಟಿಲ್ಲದೆ ಕೊಳವೆಯನ್ನು ಕೈಯಲ್ಲೇ ತಳ್ಳಬಹುದಿತ್ತು, ಬೇರೆಯವರಾಗಿದ್ದರೆ. ಯಜಮಾನರು ಮುಟ್ಟಿದರೆ ಸಾಕು, ಒಳಗಿನ ಚಂದ್ರ ಜೋಳ ಹುರಿದ ಹಾಗೆ ಕುಣಿಯುತ್ತಿದ್ದ. ನಾನು ತಳ್ಳಿಕೊಡುತ್ತೇನೆ ಎಂದೆ. "ಅವ್ಳಿಗೆ ನಾನ್ ತೋರ್ಸಬೇಕು ಕಣ್ ಮಗಾ, ನೀನಲ್ಲ" ಎಂದರು.

ಕಂಪನಿಗೆ ಬರೆದೆ. ಆ ರಿಮೋಟು ಮಾಡುವುದನ್ನು ಎಂದೋ ನಿಲ್ಲಿಸಿದ್ದೇವೆ, ಬಿಡಿಭಾಗಗಳೂ ಇಲ್ಲ ಎಂದು ಉತ್ತರ ಬಂತು. ಓದಿ ಹೇಳಿದಾಗ ಯಜಮಾನರು ಬೇಸರ ಮಾಡಿಕೊಳ್ಳುತ್ತಾರೆಂದುಕೊಂಡಿದ್ದೆ. ಅವರು ತೊಡೆ ತಟ್ಟಿಕೊಂಡರು.

"ಅವ್ರು ಬಿಟ್ರಾ? ಬುಡ್ಲಿ. ನಾವ್ ಮಾಡಮ!"

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾಲೇಜು ಬಿಟ್ಟ ಕೂಡಲೇ ಓಡಿಬರುತ್ತಿದ್ದೆ. ಅವರು ತಾರಸಿಯ ಬಾಗಿಲಲ್ಲಿ ಮೀಟರು ಹಿಡಿದು ಕಾಯುತ್ತಿರುತ್ತಿದ್ದರು. ಮೊದಲು ಟೆಲಿಸ್ಕೋಪಿನ ಬುಡದ ಸಾಕೆಟ್ಟಿನ ಒಂದೊಂದೇ ಪಿನ್ನಿನಲ್ಲಿ ಎಷ್ಟು ವೋಲ್ಟ್ ಬರುತ್ತದೆಂದು ನೋಡಿದೆವು. ಅಂತರ್ಜಾಲದಲ್ಲಿ ಎಲ್ಲಿಯೋ ಯಾರೋ ಪುಣ್ಯಾತ್ಮರು ಕೈಯಲ್ಲಿ ಗೀಚಿ ಹಾಕಿದ್ದ ಅರ್ಧ ನಕ್ಷೆ ಸಿಕ್ಕಿತು. ಉಳಿದರ್ಧಕ್ಕೆ ಯಜಮಾನರ ಕಿವಿ. ನಾನು ಎರಡು ಪಿನ್ನಿನ ನಡುವೆ ತಂತಿ ತಾಗಿಸುತ್ತಿದ್ದೆ, ಅವರು ಸ್ಕ್ರೂಡ್ರೈವರಿನ ಹಿಡಿಗೆ ಕಿವಿಕೊಟ್ಟು ಕಣ್ಣು ಮುಚ್ಚುತ್ತಿದ್ದರು. ಒಂದು ಸಂಜೆ ಹಾಗೇ ತಂತಿ ತಾಗಿಸಿದೆ. ಇರುವೆ ಗುನುಗಿದಂಥ ಸದ್ದು. ಎಷ್ಟೋ ವರ್ಷ ಗೋಣಿತಾಟಿನೊಳಗೆ ಮಲಗಿದ್ದ ಕೊಳವೆ ಕೂದಲೆಳೆಯಷ್ಟು ಸರಿಯಿತು.

"ಉಸ್ರದೆ ಮಗಾ! ಇದ್ಕೆ ಉಸ್ರದೆ!" ಎಂದು ಅವರು ಕೂಗಿದ ಕೂಗಿಗೆ ಅಮ್ಮ ಕೆಳಗಿನಿಂದ, "ಯಾರಿಗ್ರೀ ಉಸ್ರಿರದು? ಅಲ್ಲಿ ಯಾರ್ ಬಿದ್ರು?" ಎಂದು ಹೆದರಿ ಓಡಿಬಂದರು.

ಗುಂಡಿಗಳದು ದೊಡ್ಡ ತಕರಾರಾಯಿತು. ಹಳೆಯ ಪೆಟ್ಟಿಗೆಯ ಗುಂಡಿಗಳು ಹುಣಿಸೆ ಬೀಜದಷ್ಟು. ನಡುಗುವ ಬೆರಳಿಗೆ ಅವು ಸಿಗುವಂತಿರಲಿಲ್ಲ. ಸಿಕ್ಕರೂ ಕೊಳವೆ ಸರಿಯುವಷ್ಟು ಹೊತ್ತೂ ಒತ್ತಿ ಹಿಡಿಯಬೇಕು, ಅದು ಅವರಿಂದಾಗದು. ಇಬ್ಬರೂ ಬಸ್ಸು ಹತ್ತಿ ನರಸೀಪುರದ ಅಂಗಡಿಗೆ ಹೋದೆವು. ಅಳಿಯ ಅಟ್ಟದಿಂದ ಇಳಿಸಿಕೊಟ್ಟ ಡಬ್ಬಗಳನ್ನು ಯಜಮಾನರು ನೆಲಕ್ಕೆ ಸುರಿದು, ಹಳೆಯ ಪಂಪ್ ಸ್ಟಾರ್ಟರುಗಳ ಗುಂಡಿಗಳನ್ನು ಆರಿಸಿಕೊಂಡರು. ದೊಡ್ಡ ನಾಣ್ಯದಷ್ಟಿದ್ದ ನಾಲ್ಕು ಹಸಿರು ಗುಂಡಿ, ಒಂದು ಕೆಂಪು ಗುಂಡಿ.

"ಇದು ಪಂಪಿನ ಲೆಕ್ಕ ಮಗಾ. ಅಸಿರು ಒಂದ್ಸಲ ಗುದ್ದು, ಓಡ್ತಾ ಇರ್ತದೆ. ಕೆಂಪು ಗುದ್ದು, ನಿಲ್ತದೆ. ಇಡ್ಕಂಡಿರೋ ರಗಳೆ ಇಲ್ಲ."

ನಡುಗುವ ಕೈಗೆ ಇದಕ್ಕಿಂತ ಒಳ್ಳೆಯ ದಾರಿ ನನಗೂ ಕಾಣಲಿಲ್ಲ. ಒಮ್ಮೆ ಒತ್ತಿದರೆ ಕರೆಂಟನ್ನು ಹಿಡಿದಿಡುವ ಪುಟ್ಟ ರಿಲೇಗಳನ್ನು ಒಳಗೆ ಕೂರಿಸಿದೆವು. ಸುರುಳಿ ವಯರು ಮನೆಯ ಹಳೆಯ ಟೆಲಿಫೋನಿನದಾಯಿತು. ಪೆಟ್ಟಿಗೆಗೆ ನನ್ನ ಊಟದ ಡಬ್ಬಿಯೇ ಬಲಿಯಾಯಿತು. ಬೆಸುಗೆ ಹಾಕಿದವಳು ನಾನು. ಅವರು ಪಕ್ಕದಲ್ಲಿ ಕೂತು, "ಸೀಸ ಅಷ್ಟ್ ಸುರೀಬ್ಯಾಡ್ರಿ ಮೇಡಮ್ನೋರೆ, ಪಾಯಸ ಅಲ್ಲ" ಎಂದು ಹಂಗಿಸುತ್ತಿದ್ದರು.

ಕೊನೆಗೆ ಅವರು ತಮ್ಮದೇ ಒಂದು ವಿದ್ಯೆ ಸೇರಿಸಿದರು. ನಮ್ಮ ಕಡೆ ಹೊಲಕ್ಕೆ ಕರೆಂಟು ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ, ಹೇಳಲಾಗದು. ಕರೆಂಟು ಹೋದರೆ ಸ್ಟಾರ್ಟರು ಆಫ್ ಆಗಿಬಿಡಬೇಕು, ಬಂದ ಮೇಲೆ ಮನುಷ್ಯನೇ ಮತ್ತೆ ಗುಂಡಿ ಒತ್ತಬೇಕು. ಅದು ಕ್ರಮ. ಹಾಗೆಂದು ಯಾವ ರೈತ ತಾನೇ ದಿನವಿಡೀ ಸ್ಟಾರ್ಟರಿನ ಮುಂದೆ ಕೂರುತ್ತಾನೆ? ಎಲ್ಲರೂ 'ಆಟೊ' ಹಾಕಿಸಿಕೊಳ್ಳುತ್ತಾರೆ. ಆಟೊ ಇದ್ದರೆ ಹೋದ ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿಯೇ, ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಓಡತೊಡಗುತ್ತದೆ. ಯಜಮಾನರು ಜೀವಮಾನವೆಲ್ಲ ಆಟೊ ಹಾಕಿದವರು. ನಮ್ಮ ರಿಮೋಟಿಗೂ ಹಾಕಿಸಿದರು.

"ಕರೆಂಟ್ ಓಗ್ಬುಟ್ರೆ ಬೆಳ್ಳಿ ತಪ್ಪೋಯ್ತದೆ. ಈಗ ಓದ್ರೂ ಬಂದೇಟ್ಗೆ ಅದೇ ಇಡ್ಕತದೆ, ಎಂಗೆ?"

ನಾನು ಚಪ್ಪಾಳೆ ತಟ್ಟಿದೆ. ಕಂಪನಿಯವರಿಗೂ ಹೊಳೆಯದ ಉಪಾಯ ಎಂದು ಇಬ್ಬರೂ ಹಿಗ್ಗಿದೆವು.

ಮೊದಲ ಪರೀಕ್ಷೆಗೆ ದೇವಸ್ಥಾನದ ಗೋಪುರವನ್ನು ಹಿಡಿದೆವು. ಮೇಲಿನ ಗುಂಡಿ ಒತ್ತಿದರೆ ಕೊಳವೆ ಕೆಳಗೆ ಹೋಯಿತು. ನನಗೆ ಅಳು ಬರುವಂತಾಯಿತು, ಅವರಿಗೆ ನಗು. "ಉಲ್ಟಾ ತಿರುಗ್ತದೆ, ಅಷ್ಟೆ. ಎರಡು ವಯರ್ ಅದಲುಬದಲು ಮಾಡು" ಎಂದರು. ಮಾಡಿದೆ. ಕಳಶದ ಮೇಲೆ ಕೂತ ಗಿಳಿ ಕೊಕ್ಕು ತಿಕ್ಕುವುದು ಕೈಗೆ ಸಿಗುವ ಹಾಗೆ ಕಂಡಿತು, ತಲೆಕೆಳಗಾಗಿ. ಅಮ್ಮನನ್ನು ಕರೆದೆವು.

"ನಂಗಿರದು ಒಂದೇ ಕಣ್ಣು. ಅದ್ನ ತಕಂಡೋಗಿ ನಿಮ್ಮ ಪೈಪೊಳೀಕೆ ಹಾಕಕಿಲ್ಲ. ಗೋಪುರ ನೆಟ್ಟುಗೆ ನಿಂತಿರದು ದಿನಾ ನೋಡ್ತೀನಿ, ತಲೆಕೆಳಗ್ ಯಾಕ್ ನೋಡ್ಲಿ?" ಎಂದರು ಅಮ್ಮ. ಮೆಟ್ಟಿಲು ಇಳಿಯುತ್ತ ಒಮ್ಮೆ ನಿಂತು, "ಬೆಳ್ಳಿ ತೋರ್ಸಿ, ಮದ್ಯಾನ. ಆಗ ನೋಡ್ತೀನಿ" ಎಂದರು. ಯಜಮಾನರು ನನ್ನ ಕಡೆ ಕಣ್ಣು ಹೊಡೆದರು.

ಶಿವರಾತ್ರಿ ಕಳೆದು ಆಕಾಶ ತೊಳೆದಿಟ್ಟಂತಿದ್ದ ಒಂದು ಭಾನುವಾರ ಆ ದಿನ ಬಂತು. ಹಗಲಿನಲ್ಲಿ ಬೆಳ್ಳಿಯನ್ನು ಹುಡುಕಲು ಸೂರ್ಯನೇ ಗುರುತು. ಕೊಳವೆಯ ಬಾಯಿಗೆ ಸೂರ್ಯನನ್ನು ನೋಡುವ ಕಪ್ಪು ಫಿಲ್ಟರು ಹಾಕಿ, ಮೊದಲು ಸೂರ್ಯನನ್ನು ಹಿಡಿಯಬೇಕು. ಅಲ್ಲಿಂದ ಪಂಚಾಂಗದ ಲೆಕ್ಕದಷ್ಟು ದೂರ ಕೊಳವೆಯನ್ನು ಸರಿಸಿ, ಸೂರ್ಯ ಬಹಳ ಹಿಂದೆ ಉಳಿದ ಮೇಲೆ ಫಿಲ್ಟರು ತೆಗೆದು ನೋಡಬೇಕು. ಫಿಲ್ಟರಿಲ್ಲದ ಕೊಳವೆಯಲ್ಲಿ ಸೂರ್ಯ ಸಿಕ್ಕರೆ ಕಣ್ಣು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಅದಕ್ಕೇ, ಫಿಲ್ಟರು ಹಾಕಿದ್ದರೂ ಸೂರ್ಯನನ್ನು ಹಿಡಿಯುವಾಗ ಕಣ್ಣಿಡುವಂತಿಲ್ಲ. ತಾರಸಿಯ ಮೇಲೆ ಬಿದ್ದ ಕೊಳವೆಯ ನೆರಳನ್ನು ನೋಡಬೇಕು. ಉದ್ದವಾಗಿ ಬಿದ್ದ ನೆರಳು ಗಿಡ್ಡವಾಗುತ್ತ ಬಂದು ಕೊನೆಗೆ ದುಂಡಗಾದರೆ ಕೊಳವೆ ಸೂರ್ಯನಿಗೆ ನೆಟ್ಟಿದೆ ಎಂದರ್ಥ. "ನೆಳ್ಳು ರೊಟ್ಟಿ ಆಯ್ತು, ಸೂರ್ಯ ಸಿಕ್ದ" ಎಂದರು ಯಜಮಾನರು. ಆ ಮಾತು ಆಮೇಲೆ ನನ್ನ ನಿದ್ದೆ ಕೆಡಿಸಿತು.

ಸೂರ್ಯನನ್ನು ಬಿಟ್ಟು ಹೊರಟೆವು. ಯಜಮಾನರು ಹಸಿರು ಗುಂಡಿ ಗುದ್ದಿದರು, ಕೊಳವೆ ಗುನುಗುತ್ತ ಸರಿಯಿತು. ಫಿಲ್ಟರು ತೆಗೆದು ನೋಡಿದೆ. ಬರೀ ನೀಲಿ. ಬೆಳ್ಳಿಯನ್ನು ದಾಟಿ ಮುಂದೆ ಬಂದಿದ್ದೆವು. "ವಾಪಸ್ ಬನ್ನಿ" ಎಂದೆ. ಅವರು ಎದುರು ಗುಂಡಿ ಗುದ್ದಿದರು. ಕೊಳವೆ ಸೂರ್ಯನ ಕಡೆಗೆ ಹಿಂದಿರುಗತೊಡಗಿತು. ಸ್ವಲ್ಪ ದೂರ ಬಂದದ್ದು ನಿಂತೇಬಿಟ್ಟಿತು.

"ಯಾಕೆ ನಿಲ್ಸಿದ್ರಿ?"

"ನಾನೆಲ್ಲಿ ನಿಲ್ಸ್ದೆ?" ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಕೆಂಪ್ಗೆ ಬೆಳ್ಳು ತಗಲಿರ್ಬೇಕು. ಈ ದರಿದ್ರ ಕೈ."

ಕಣ್ಣಿಟ್ಟೆ. ನೀಲಿಯ ಅಂಚಿನಲ್ಲಿ, ಉಗುರಿನ ತುಣುಕಿನ ಹಾಗೆ, ಬೆಳ್ಳಿ! ನಡುಮಧ್ಯಾಹ್ನದಲ್ಲಿ ಬಾಗಿದ ಪುಟ್ಟ ಬಿದಿಗೆ ಚಂದ್ರ. ನಾನು ಕಿರುಚಿದೆ. ಏನೆಂದು ಕಿರುಚಿದೆನೋ ತಿಳಿಯದು. "ನೀವು ನೋಡಿ, ನೀವು ಮೊದಲು ನೋಡಿ" ಎಂದು ಅವರ ತೋಳು ಹಿಡಿದು ಎಳೆದೆ. ಅವರು ಬರಲಿಲ್ಲ. ಮೆಟ್ಟಿಲ ಬಳಿ ಹೋಗಿ, "ಇವ್ಳೇ! ಬಾಮ್ಮಿ ಬೇಗ!" ಎಂದು ಕೂಗಿದರು.

ಅವರು ಎಂದೂ ಹಾಗೆಯೇ ಕರೆಯುತ್ತಿದ್ದುದು. ಇವ್ಳೇ, ಅಮ್ಮಿ, ಲೇ. ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳದ ಕಾಲದವರು ಅವರು. ಅಮ್ಮನ ಹೆಸರೇನೆಂದು ಆ ದಿನದವರೆಗೆ ನನಗೂ ಗೊತ್ತಿರಲಿಲ್ಲ.

ಅಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಅವರ ತಲೆಯ ಮೇಲೆ ಕಪ್ಪು ಬಟ್ಟೆ ಹೊದಿಸಿ, ಅದರ ಅಂಚು ಹಿಡಿದು ನಿಂತೆ. "ಏನೂ ಇಲ್ಲ. ಬರೀ ನೀಲಿ. ನೀಲಿ ಸೀರೆ ಒಣಗಾಕ್ದಂಗದೆ" ಎಂದರು. ಆಮೇಲೆ ಮಾತು ನಿಂತಿತು. ಯಜಮಾನರು ರಿಮೋಟು ಕೆಳಗಿಟ್ಟು, ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿದ್ದ ಆ ಖುಷಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಆಗ ಕೆಳಗಿನ ಮನೆಯಲ್ಲಿ ಟಿವಿ ಧಾರಾವಾಹಿಯೊಂದು ಅರ್ಧ ಮಾತಿನಿಂದ ಗಟ್ಟಿಯಾಗಿ ಶುರುವಾಯಿತು.

ಕರೆಂಟು ಹೋಗಿತ್ತು. ಹಾಡಹಗಲಿನ ತಾರಸಿಯಲ್ಲಿ ನಮಗದು ತಿಳಿದಿರಲಿಲ್ಲ. ಕೊಳವೆ ನಿಂತದ್ದು ಕೆಂಪು ಗುಂಡಿಯಿಂದಲ್ಲ. ಕರೆಂಟು ಹೋದದ್ದರಿಂದ ನಿಂತಿತ್ತು. ಈಗ ಕರೆಂಟು ಬಂತು, ಆಟೊ ಎದ್ದಿತು, ಕೊಳವೆ ಮೊದಲು ಹೊರಟಿದ್ದ ಕಡೆಗೇ, ಸೂರ್ಯನ ಕಡೆಗೇ, ಮತ್ತೆ ಸರಿಯತೊಡಗಿತು. ಅದರ ಬಾಯಲ್ಲಿ ಫಿಲ್ಟರಿರಲಿಲ್ಲ. ಅದರ ಬುಡದಲ್ಲಿ ಅಮ್ಮನ ಒಂದೇ ಕಣ್ಣಿತ್ತು.

ಇದನ್ನೆಲ್ಲ ಈಗ ಬಿಡಿಸಿ ಹೇಳುತ್ತಿದ್ದೇನೆ. ಆಗ ನಾನು ಕಂಡದ್ದು ನೆರಳನ್ನು ಮಾತ್ರ. ತಾರಸಿಯ ಮೇಲೆ ಉದ್ದವಾಗಿ ಮಲಗಿದ್ದ ಕೊಳವೆಯ ನೆರಳು ಗಿಡ್ಡವಾಗುತ್ತಿತ್ತು. ಇದೇಕೆ ಗಿಡ್ಡವಾಗುತ್ತಿದೆ ಎಂದುಕೊಂಡೆ. ಅರ್ಥವಾದಾಗ ಬಟ್ಟೆಯ ಅಂಚು ಬಿಟ್ಟು ಗೋಡೆಯ ಪ್ಲಗ್ಗಿನತ್ತ ಓಡಿದೆ.

ಯಜಮಾನರು ನೆರಳು ನೋಡಲಿಲ್ಲ. ಅವರಿಗೆ ಮೋಟಾರಿನ ಗುನುಗು ಕೇಳಿಸಿತು. "ಲೇ, ಕಣ್ ತೆಗಿ!" ಎಂದರು.

"ತಡೀರಿ, ಜಾರ್ಕಂಡ್ ಓಯ್ತಾ ಅದೆ, ಉಡುಕ್ತಾ ಇವ್ನಿ" ಎಂದ ಅಮ್ಮ ಕಣ್ಣನ್ನು ಇನ್ನಷ್ಟು ಒತ್ತಿ ಇಟ್ಟರು.

"ಲೇ, ಏಳೇ ಮೇಲೆ!"

"ಸುಮ್ನಿರಿ ಅಂದೆ."

ಅಷ್ಟು ವರ್ಷ ಲೇ ಎಂದರೆ ಓಗೊಡುವುದು, ಸುಮ್ಮನಿರಿ ಎಂದು ಗದರುವುದು ನಡೆದುಬಂದಿತ್ತು. ಆ ಕೂಗಿಗೆ ಅಮ್ಮ ಏಳುವವರಲ್ಲ. ಯಜಮಾನರ ಕೈ ಕೆಂಪು ಗುಂಡಿಗಾಗಿ ರಿಮೋಟಿನ ಮೇಲೆಲ್ಲ ಬಡಿದಾಡುತ್ತಿತ್ತು. ರಿಮೋಟು ಸುರುಳಿ ವಯರಿನಲ್ಲಿ ಜಿಗಿದು ಅತ್ತ ಬಿತ್ತು. ಆಗ ಅವರು ಎದೆ ಒಡೆಯುವ ಹಾಗೆ ಅಮ್ಮನ ಹೆಸರು ಹಿಡಿದು ಕೂಗಿದರು.

ಅಮ್ಮ ಚೇಳು ಕಡಿದವರಂತೆ ತಲೆ ಎತ್ತಿ ತಿರುಗಿದರು. ಅವರ ತಲೆಯ ಮೇಲಿನ ಕಪ್ಪು ಬಟ್ಟೆ ಜಾರಿ, ಕಣ್ಣಿಟ್ಟಿದ್ದ ಜಾಗದ ಮೇಲೆಯೇ ಜೋತುಬಿತ್ತು. ಬಟ್ಟೆಯ ನಡುವೆ ಒಂದು ಬಿಳಿ ಚುಕ್ಕೆ ಕಂಡಿತು. ಚುಕ್ಕೆಯಿಂದ ಹೊಗೆ ಎದ್ದಿತು. ಚುಕ್ಕೆ ತೂತಾಯಿತು.

ನಾನು ಪ್ಲಗ್ಗು ಕಿತ್ತೆ.

ಕೆಳಗೆ ಧಾರಾವಾಹಿಯಲ್ಲಿ ಯಾರೋ ಅಳುತ್ತಿದ್ದರು. ಮೇಲೆ ಮೂವರೂ ಸುಟ್ಟ ಬಟ್ಟೆಯ ತೂತನ್ನೇ ನೋಡುತ್ತ ನಿಂತೆವು. ಉದ್ದಿನ ಕಾಳಿನಷ್ಟು ತೂತು. ಯಜಮಾನರು ಅಮ್ಮನ ಮುಖವನ್ನು ಬಿಸಿಲಿಗೆ ತಿರುಗಿಸಿ, ಬಲಗಣ್ಣಿನ ಎದುರು ಬೆರಳುಗಳನ್ನು ಹಿಡಿದು, "ಎಷ್ಟ್ ಬೆಳ್ಳದೆ? ಎಣ್ಸು, ಎಷ್ಟ್ ಬೆಳ್ಳು?" ಎಂದರು.

"ಅಳ್ಳಾಡುಸ್ದೆ ಇಟ್ರೆ ಎಣುಸ್ಬೌದು" ಎಂದರು ಅಮ್ಮ.

ಯಜಮಾನರು ಅಲ್ಲೇ ನೆಲದ ಮೇಲೆ ಕೂತರು. ನನಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು. ಅಮ್ಮ ಅವರ ಪಕ್ಕದಲ್ಲಿ ಕೂತು, ಟವೆಲ್ಲಿನಿಂದ ಅವರ ಮುಖ ಒರೆಸಿದರು.

"ನನ್ ಎಸ್ರು ಗೊತ್ತಿತ್ತಾ ನಿಮ್ಗೆ?"

ಯಜಮಾನರು ಟವೆಲ್ಲನ್ನು ಅವರ ಕೈಯಿಂದ ಕಿತ್ತುಕೊಂಡು ತಾವೇ ಮೂಗು ಒರೆಸಿಕೊಂಡರು.

"ಕಂಡೆ ಕಣ್ರೀ" ಎಂದರು ಅಮ್ಮ, ಬಹಳ ಮೆಲ್ಲಗೆ. "ಚೂರ್ ಚಂದ್ರನಂಗೆ ಇತ್ತು. ನೀವು ಅವತ್ತು ಕುಡ್ದಿರ್ನಿಲ್ಲ."

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಯಜಮಾನರು ರಿಮೋಟು ಬಿಚ್ಚಿ ಕೂತಿದ್ದರು. ಆಟೊ ಕಿತ್ತುಹಾಕಬೇಕಿತ್ತು. ನಾನು ಮಾಡಿಕೊಡುತ್ತೇನೆ ಎಂದರೆ ಬಿಡಲಿಲ್ಲ. ಕೊರಳ ಟವೆಲ್ಲಿಗೆ ಬಲಗೈಯನ್ನು ಬಿಗಿದುಕೊಂಡು, ಎಡಗೈಯಿಂದ ಎಳೆದು ಹಿಡಿದು, ಒಂದೊಂದು ತಂತಿಯನ್ನೂ ತಾವೇ ಕತ್ತರಿಸಿದರು. "ಬಾವಿಗಿಳಿಯೋರ್ಗೆಲ್ಲ ಏಳ್ದೋನು ನಾನು. ನನ್ ಮನೆ ತಾರಸೀಲಿ ಮರ್ತೆ" ಎಂದಷ್ಟೇ ಹೇಳಿದರು. ಅವರ ದನಿಯಲ್ಲಿ ಹಳೆಯ ಜಂಬ ಇರಲಿಲ್ಲ. ಅದಿಲ್ಲದ ಅವರನ್ನು ನೋಡಲು ನನ್ನಿಂದಾಗಲಿಲ್ಲ.

ಜಂಬ ಹಿಂದಿರುಗಲು ಬಹಳ ದಿನ ಹಿಡಿಯಲಿಲ್ಲ. ನರಸೀಪುರದಿಂದ ಪಂಪ್‌ಸೆಟ್ಟಿನ ಬಿಳಿ ಪಿಂಗಾಣಿ ಫ್ಯೂಸೊಂದನ್ನು ತರಿಸಿ, ದುರ್ಬೀನಿನ ಕರೆಂಟು ವಯರಿನ ನಡುವೆ ಹಾಕಿಸಿದರು. ನಾಜೂಕಾದ ಆ ವಿದೇಶಿ ಯಂತ್ರಕ್ಕೆ ಅಂಗೈಯಷ್ಟು ದೊಡ್ಡ ಫ್ಯೂಸು, ಮದುವಣಗಿತ್ತಿಗೆ ಎತ್ತಿನ ಗಂಟೆ ಕಟ್ಟಿದ ಹಾಗಿತ್ತು. ನಿಯಮವನ್ನೂ ಮಾಡಿದರು. ಬೆಳ್ಳಿ ಸಿಕ್ಕಿತೋ, ಫ್ಯೂಸು ಕೀಳಬೇಕು. ಕಣ್ಣಿಡುವವರೇ ಅದನ್ನು ತಮ್ಮ ಹತ್ತಿರ ಇಟ್ಟುಕೊಳ್ಳಬೇಕು, ಆಮೇಲೆಯೇ ನೋಡಬೇಕು.

"ಫ್ಯೂಸು ಕಿತ್ತರೆ ದುರ್ಬೀನನ್ನು ಸರಿಸಲಾಗದು, ಭೂಮಿ ತಿರುಗುತ್ತ ಬೆಳ್ಳಿ ಜಾರಿಹೋಗುತ್ತದೆ" ಎಂದೆ.

"ಜಾರ್ಲಿ. ಅದೇನ್ ಓಡೋಯ್ತದಾ? ತಿರುಗ ಉಡುಕಮ. ಕಣ್ ಓದ್ರೆ ಎಲ್ ಉಡುಕ್ತೀಯ?"

ಅಮ್ಮ ಹಠ ಹಿಡಿದು ಅದೇ ತಿಂಗಳು ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. "ಸೂರ್ಯನಿಂದ ಉಳ್ದ ಕಣ್ಣು, ಕತ್ರಿಗ್ ಎದ್ರತದಾ?" ಎಂದರು. ಪಟ್ಟಿ ಬಿಚ್ಚಿದ ದಿನ ಯಜಮಾನರ ಮುಖವನ್ನು ಹತ್ತಿರದಿಂದ ನೋಡಿ, "ಇಷ್ಟೊಂದ್ ಮುದುಕ ಆಗ್ಬುಟ್ಟಿದ್ದೀರಾ?" ಎಂದರಂತೆ. ಹೆಸರು ಹಿಡಿದು ಕರೆದ ವಿಷಯವನ್ನೂ ಬಿಡಲಿಲ್ಲ. ಮಧ್ಯಾಹ್ನದ ಬೆಳ್ಳಿಯ ಜಾಗಕ್ಕೆ ಅದು ಬಂದು ಕೂತಿತು. "ಇನ್ನೊಂದ್ಸಲ ಕರೀರಿ ನೋಡಮ" ಎಂದು ಬೀಗರ ಎದುರೇ ಕೆಣಕುತ್ತಿದ್ದರು. "ಮನೆಗ್ ಬೆಂಕಿ ಬಿದ್ದಾಗ ಕರೀತೀನಿ, ಓಗು" ಎಂದು ಯಜಮಾನರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು.

ಆ ಮಳೆಗಾಲದಲ್ಲಿ ಅವರು ಹೋದರು. ಕಪಿಲೆ ತುಂಬಿ ಹರಿಯುತ್ತಿದ್ದಾಗ, ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತಾ ಕೂತಿದ್ದವರು ಹಾಗೇ ಗೋಡೆಗೊರಗಿದರು. ಅಮ್ಮ ಕೂಗಿದ ಸದ್ದಿಗೆ ನಾನು ಕೆಳಗೆ ಓಡಿದೆ. ಟವೆಲ್ಲು ಕೊರಳಲ್ಲೇ ಇತ್ತು, ಲೋಟ ಮಡಿಲಲ್ಲಿ. ಮೊದಲ ಸಲ ಕಾಫಿ ಚೆಲ್ಲಿತ್ತು. ಕೈಗಳು ನಡುಗದೆ ಸುಮ್ಮನಿದ್ದವು. ನಾನು ಅವನ್ನೇ ನೋಡುತ್ತ ನಿಂತೆ.

ಅವರಿಂದ ನಾನು ಪಡೆದದ್ದು ಏನೆಂದು ಕೇಳಿದರೆ ಹೇಳಲು ನನಗೆ ದೊಡ್ಡ ಮಾತುಗಳಿಲ್ಲ. ಯಾರೋ ಮಾಡುವುದನ್ನು ಬಿಟ್ಟ ವಸ್ತುವನ್ನು ನಾವು ಮಾಡಬಹುದು ಎನ್ನುವ ಹುರುಪು ಅವರದು. ಕಾಲೇಜಿನ ಪ್ರಯೋಗಾಲಯದಲ್ಲಿ ಯಾವ ಯಂತ್ರದ ಮುಚ್ಚಳ ತೆಗೆಯುವ ಮುಂಚೆಯೂ ನನ್ನ ಕೈ ತಾನಾಗಿ ಫ್ಯೂಸಿನತ್ತ ಹೋಗುತ್ತದಲ್ಲ, ಅದೂ ಅವರದೇ.

ಮೊನ್ನೆ ಆಕಾಶ ಮತ್ತೆ ತಿಳಿಯಾಗಿತ್ತು. ಅಮ್ಮ ನನ್ನನ್ನು ಮೆಟ್ಟಿಲ ಕೆಳಗಿನಿಂದ ಕರೆದರು. ಈಗ ರಿಮೋಟು ಅವರ ಕೈಯಲ್ಲಿ. ಹಸಿರು ಗುಂಡಿಗಳನ್ನು ಅವರು ರೊಟ್ಟಿ ತಟ್ಟಿದ ಹಾಗೆ ತಟ್ಟುತ್ತಾರೆ. ನೆರಳು ನೋಡಿ ಸೂರ್ಯನನ್ನು ಹಿಡಿದೆವು, ಅಲ್ಲಿಂದ ಹೊರಟೆವು, ಹುಡುಕಿದೆವು. ಬೆಳ್ಳಿ ಸಿಕ್ಕಿತು. ಅಮ್ಮ ಕೆಂಪು ಗುಂಡಿ ಒತ್ತಿದರು. ಬಾಗಿ ಪಿಂಗಾಣಿ ಫ್ಯೂಸನ್ನು ಕಿತ್ತರು, ಸೆರಗಿನ ತುದಿಗಿಟ್ಟು ಗಂಟು ಹಾಕಿದರು, ಗಂಟನ್ನು ಎಳೆದು ನೋಡಿದರು.

"ಆಮೇಲೆ ಎಸ್ರಿಡ್ದು ಕರೀಲೇ ಇಲ್ಲ ಕಣವ್ವ" ಎಂದರು, ಕೊಳವೆಯ ಕಡೆ ತಿರುಗುತ್ತ. "ಒಂದೇ ಸಲ."

ನಾನು ಆ ಕಪ್ಪು ಬಟ್ಟೆಯನ್ನೇ ಅವರ ತಲೆಯ ಮೇಲೆ ಹೊದಿಸಿದೆ. ಅದರ ತೂತಿನಿಂದ ಬಿಸಿಲಿನ ಒಂದು ಕಾಳು ಅವರ ಬೆನ್ನ ಮೇಲೆ ಬಿತ್ತು. ಅಮ್ಮ ಕಣ್ಣಿಟ್ಟರು. ಅವರ ಸೆರಗಿನ ಗಂಟು ಫ್ಯೂಸಿನ ಭಾರಕ್ಕೆ ಮೆಲ್ಲಗೆ ತೂಗುತ್ತಿತ್ತು. ನಾನು ತಾರಸಿಯ ಮೇಲಿನ ನೆರಳನ್ನು ನೋಡುತ್ತ ನಿಂತೆ. ಅದು ಉದ್ದವಾಗಿ, ಅಲ್ಲಾಡದೆ ಮಲಗಿತ್ತು.

"ಜಾರ್ತಾ ಅದೆ" ಎಂದರು ಅಮ್ಮ ಬಟ್ಟೆಯೊಳಗಿನಿಂದ. "ಜಾರ್ಲಿ."